ಓನರ್ ಒಳ್ಳೆಯವರು

ಪಿಸುದನಿಯಲ್ಲಿ ಜಗಳವಾಡುವುದರಲ್ಲಿ ನಾವು ಗಂಡ ಹೆಂಡತಿ ಪಳಗಿದವರು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದೇವೆ. ಮೇಲೋ ಕೆಳಗೋ ಪಕ್ಕದಲ್ಲೋ ಓನರ್ ಇದ್ದೇ ಇರುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಗಂಟಲು ಬಿಟ್ಟು ಬೈಯುವ ಭಾಗ್ಯ ಮಾತ್ರ ಸಿಕ್ಕಿರಲಿಲ್ಲ. ಮಗಳು ಜೋರಾಗಿ ನಕ್ಕರೆ ಅವಳ ಬಾಯಿಗೆ ಕೈ ಅಡ್ಡ ಇಡುತ್ತಿದ್ದೆ. ಒಂದು ದಿನ ನೋಡಿದರೆ ಹುಡುಗಿ ತನ್ನ ಕೈಯನ್ನು ತಾನೇ ಅಡ್ಡ ಇಟ್ಟುಕೊಂಡು ನಗುತ್ತಿದ್ದಾಳೆ. ಸ್ವಂತ ಮನೆ ಕೊಳ್ಳಬೇಕು, ಅದರಲ್ಲಿ ನಾವು ಮೂವರೂ ಮನಸ್ಸಿಗೆ ಬಂದಷ್ಟು ಗದ್ದಲ ಮಾಡಬೇಕು ಎಂದು ಅಂದೇ ಹಟ ಹಿಡಿದೆ.

ಇವರು ಲಿಫ್ಟ್ ರಿಪೇರಿ ಮಾಡುವವರು, ನಾನು ಬಟ್ಟೆ ಅಂಗಡಿಯಲ್ಲಿ ಆಲ್ಟರೇಷನ್ ಮಾಡುವವಳು. ಹಾಗಾಗಿ ಮನೆ ನೋಡುವ ಕೆಲಸ ರಜೆಯ ದಿನ ಮಾತ್ರ. ನನ್ನ ಕೈಯಲ್ಲಿ ಅಳತೆ ಟೇಪು, ಇವರ ಕೈಯಲ್ಲಿ ಟಾರ್ಚು, ಮಗಳ ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಮೊದಲ ಮನೆಯಲ್ಲಿ ಬ್ರೋಕರ್ ಒಂದು ಗೋಡೆಗೆ ಬೆನ್ನು ಕೊಟ್ಟು ನಿಂತವನು ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಅವನಿಗೆ ಫೋನ್ ಬಂತು. ಮಾತಾಡುತ್ತಾ ಹೊರಗೆ ಹೋದವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಎರಡನೆಯ ಮನೆಯಲ್ಲಿ ತೇವವಿರಲಿಲ್ಲ. ಬೆಳಕು ಧಾರಾಳ, ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತಿತ್ತು. ಆದರೆ ಮಾರುವ ಹೆಂಗಸು ಸಿಡುಕಿ. ಇವರು ಕಿಟಕಿ ಮುಟ್ಟಿದರೆ "ಮೆಲ್ಲಗೆ" ಅಂತಾಳೆ, ಮಗಳು ಕೆಮ್ಮಿದರೆ ತಿರುಗಿ ನೋಡುತ್ತಾಳೆ. ಬೀದಿಗೆ ಬಂದ ಮೇಲೆ ನಾನು ಖಡಾಖಂಡಿತವಾಗಿ ಹೇಳಿದೆ.

"ಬೇಡ. ಓನರ್ ಸರಿಯಿಲ್ಲ."

"ನನಗೂ ಹಾಗೇ ಅನ್ನಿಸ್ತು," ಅಂದರು ಇವರು.

ಬ್ರೋಕರ್ ನಮ್ಮಿಬ್ಬರ ಮುಖವನ್ನೂ ನೋಡಿದ. "ಅಲ್ಲಮ್ಮಾ, ನೀವು ಮನೆ ತಗೊಂಡ ಮೇಲೆ ಆಯಮ್ಮ ಅಲ್ಲಿ ಯಾಕಿರ್ತಾಳೆ?"

ನಾವು ಪೆಚ್ಚಾಗಿ ನಕ್ಕೆವು. ಆದರೂ ಆ ಮನೆ ಬೇಡ ಅಂದೆವು.

ಮೂರನೆಯದು ಬೀದಿಯ ತುದಿಯಲ್ಲಿತ್ತು. ಬ್ರೋಕರ್ ಗೇಟಿನ ಹತ್ತಿರವೇ ನಿಂತು, "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ," ಎಂದ. ಬಾಗಿಲು ತೆರೆದವರು ಒಬ್ಬ ವಯಸ್ಸಾದ ಮನುಷ್ಯರು, ಒಂಟಿ, ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು. ನಮ್ಮನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಎಷ್ಟು ಜನ? ನೆಂಟರು ಜಾಸ್ತಿ ಬರುತ್ತಾರಾ? ಕೆಲಸದಿಂದ ಎಷ್ಟು ಹೊತ್ತಿಗೆ ವಾಪಸ್ಸು? ಮಗು ಗಲಾಟೆ ಮಾಡುತ್ತಾ? ನಾವು ಮೈಯೆಲ್ಲಾ ವಿನಯವಾಗಿ ಉತ್ತರ ಕೊಟ್ಟೆವು. ಮಗು ತುಂಬಾ ಸೈಲೆಂಟು ಸಾರ್ ಅಂದೆ ನಾನು. ಕೊಳ್ಳುವವರು ನಾವು, ಪ್ರಶ್ನೆ ಕೇಳಬೇಕಾದವರೂ ನಾವೇ ಎಂಬುದು ತಲೆಗೇ ಹೊಳೆಯಲಿಲ್ಲ.

ಇವರು ಟಾರ್ಚು ಹಾಕಿ ಹಾಲಿನ ಗೋಡೆ ನೋಡಿದರು. ಬಣ್ಣದ ಅಡಿಯಲ್ಲಿ ಪುಟ್ಟ ಪುಟ್ಟ ದುಂಡು ಗುರುತುಗಳು, ಗೋಡೆಯ ತುಂಬ. ಮೊಳೆಯ ತೂತುಗಳನ್ನು ಮುಚ್ಚಿ ಮೇಲೆ ಬಣ್ಣ ಬಳಿದಿದ್ದರು.

"ಮುಂಚೆ ಇದ್ದವರು ಹೊಡೆದದ್ದು. ಅವರು ಹೋದ ಮೇಲೆ ನಾನೇ ಕೂತು ಮುಚ್ಚಿದೆ," ಎಂದರು.

"ಬಾಡಿಗೆಯವರಾ ಸಾರ್?"

"ಅಲ್ಲಮ್ಮ, ತಗೊಂಡವರು. ಆಮೇಲೆ ನನಗೇ ವಾಪಸ್ ಕೊಟ್ಟು ಹೋದರು."

ಬುದ್ಧಿಯಿದ್ದವರು ಅಲ್ಲಿಂದಲೇ ಎದ್ದು ಬರುತ್ತಿದ್ದರು. ನಾನು ಮಾತ್ರ ಎಂಥ ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡೆ.

ಹಿತ್ತಲ ಕಡೆಯ ಕೋಣೆಗೆ ಬೀಗವಿತ್ತು. "ಇದರಲ್ಲಿ ನನ್ನ ಸಾಮಾನಿದೆ. ಸ್ವಲ್ಪ ದಿನ ಹೀಗೇ ಇರಲಿ," ಎಂದರು. ಅವರ ಮಾತು ಮುಗಿಯುವ ಮೊದಲೇ ನಾವಿಬ್ಬರೂ ತಲೆಯಾಡಿಸಿದ್ದೆವು. ನಾವಿದ್ದ ಮನೆಗಳಲ್ಲೆಲ್ಲ ಓನರ್ ಒಂದು ಕೋಣೆಗೆ ಬೀಗ ಜಡಿದು ಇಟ್ಟುಕೊಳ್ಳುವುದು ಇದ್ದದ್ದೇ. ನಿಜ ಹೇಳಬೇಕೆಂದರೆ, ಆ ಬೀಗ ಕಂಡ ಮೇಲೆಯೇ ನನಗೆ ಆ ಮನೆ ನಮ್ಮದು ಅನ್ನಿಸಿದ್ದು.

"ವೈರಿಂಗ್ ಚೆನ್ನಾಗಿದೆ," ಅಂದರು ಇವರು ಬಸ್ಸಿನಲ್ಲಿ.

"ಓನರ್ ಒಳ್ಳೆಯವರು," ಅಂದೆ ನಾನು. ಅಲ್ಲಿಗೆ ತೀರ್ಮಾನವಾಯಿತು.

ನೋಂದಣಿ ಮುಗಿದ ದಿನ ಬ್ರೋಕರ್ ನನ್ನನ್ನು ಪಕ್ಕಕ್ಕೆ ಕರೆದ. ಎಲ್ಲೋ ನೋಡುತ್ತಾ, "ಅಮ್ಮಾ, ಮೊದಲು ಬೀಗಗಳನ್ನೆಲ್ಲ ಬದಲಾಯಿಸಿಬಿಡಿ," ಎಂದ.

"ಛೆ, ಅವರು ಏನಂದ್ಕೊಳ್ತಾರೆ?" ಅಂದೆ.

ಹೊಸದರಲ್ಲಿ ನಾವು ಕುಣಿದಾಡಿದೆವು. ಇವರು ಸ್ನಾನ ಮಾಡುತ್ತಾ ಅಪಸ್ವರದಲ್ಲಿ ಹಾಡಿದರು, ಮಗಳು ಕೋಣೆಯಿಂದ ಕೋಣೆಗೆ ಕಿರುಚುತ್ತಾ ಓಡಿದಳು. ಹಾಸಿಗೆಯ ಮೇಲೆ ಒದ್ದೆ ಟವೆಲ್ ಎಸೆದದ್ದಕ್ಕೆ ನಾನು ಇವರನ್ನು ಬೀದಿಗೆಲ್ಲ ಕೇಳುವಂತೆ ಬೈದೆ. ಬೈಸಿಕೊಂಡವರೂ ಖುಷಿಯಾಗಿದ್ದರು.

ಆಮೇಲೆ ಸಣ್ಣಪುಟ್ಟ ಸಂಗತಿಗಳು ಶುರುವಾದವು. ಉರಿಯಲು ಬಿಟ್ಟುಹೋದ ದೀಪ ಬಂದು ನೋಡಿದರೆ ಆರಿರುತ್ತಿತ್ತು. ಎಲ್ಲೆಂದರಲ್ಲಿ ಬಿಸಾಕಿದ ಮಗಳ ಬೂಟುಗಳು ಬಾಗಿಲ ಹೊರಗೆ ಜೋಡಿಯಾಗಿ ಕೂತಿರುತ್ತಿದ್ದವು. ಇವರು ಮಾಡಿದ್ದಿರಬೇಕು ಎಂದು ನಾನು, ನಾನು ಮಾಡಿದ್ದಿರಬೇಕು ಎಂದು ಇವರು. ಒಂದು ಸಂಜೆ ಬಾಯಿಬಿಟ್ಟು ಕೇಳಿಕೊಂಡೆವು. ಇಬ್ಬರೂ ಅಲ್ಲ. ಹಿತ್ತಲ ಕೋಣೆಗೆ ಆಚೆಯಿಂದಲೂ ಒಂದು ಬಾಗಿಲಿದೆ, ಕೀಲಿ ಓನರ್ ಹತ್ತಿರವೇ ಉಳಿದಿದೆ ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಬೀಗ ಬದಲಾಯಿಸೋಣ ಎಂದು ಇಬ್ಬರೂ ಅಂದುಕೊಂಡೆವು, ಇಬ್ಬರೂ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಇವರು ಕೆಲಸಕ್ಕೆ ಹೋಗಿದ್ದರು. ಹಾಲು ಕುಡಿಯದ ಮಗಳ ಮೇಲೆ ನಾನು ರೇಗುತ್ತಿದ್ದೆ. ಆ ಕೋಣೆಯ ಚಿಲಕ ಒಳಗಿನಿಂದ ಸರಿಯಿತು. ನಮ್ಮ ಕಡೆಯ ಬೀಗ ಯಾವಾಗ ಹೋಗಿತ್ತೋ ನಾನು ಗಮನಿಸಿರಲಿಲ್ಲ. ಓನರ್ ಹೊರಗೆ ಬಂದರು. ತಲೆ ಒದ್ದೆ, ಹೆಗಲ ಮೇಲೆ ಟವೆಲ್ಲು.

"ಸ್ವಲ್ಪ ಮೆಲ್ಲಗೆ ತಾಯಿ. ಒಂದು ವಾರದಿಂದ ನಿದ್ದೆಯೇ ಇಲ್ಲ."

ಅವರು ಗೋಡೆಯ ಗಡಿಯಾರದ ಹತ್ತಿರ ಹೋಗಿ ಅದರ ಮೊಳೆಯನ್ನು ಬೆರಳಿನಿಂದ ಸವರಿದರು. "ಇದನ್ನ ಒಂದು ಮಾತು ಕೇಳಿ ಹೊಡೀಬೇಕಿತ್ತು ಅಲ್ವಾ?"

ಯಾರನ್ನ ಕೇಳಬೇಕು, ಇದು ನಮ್ಮ ಮನೆ, ಮೊದಲು ಆಚೆ ನಡೀರಿ. ಅಷ್ಟೂ ಗಂಟಲಿಗೆ ಬಂದಿತ್ತು.

"ತಪ್ಪಾಯ್ತು ಸಾರ್," ಅಂದೆ. ಮಗಳು ಹಾಲನ್ನು ಗಟಗಟನೆ ಕುಡಿದು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

ಸಂಜೆ ವಿಷಯ ಕೇಳಿದ್ದೇ ಇವರು ಕೆಂಡಾಮಂಡಲವಾದರು. "ನನ್ನ ಮನೇಲಿ ಬಂದು ಇರೋಕೆ ಅವನ್ಯಾರು? ಕತ್ತು ಹಿಡಿದು ಆಚೆ ಹಾಕ್ತೀನಿ ನೋಡ್ತಾ ಇರು!" ಬೂಟನ್ನೂ ಬಿಚ್ಚದೆ ದಡದಡ ಹಿಂದಕ್ಕೆ ನಡೆದರು. ಅಂಥ ಗಂಡನನ್ನು ನಾನು ಈವರೆಗೆ ಕಂಡಿರಲಿಲ್ಲ. ನನಗೆ ಜೀವ ಬಂದಂತಾಯಿತು. ಮಗಳನ್ನು ಎಳೆದುಕೊಂಡು ಬೆನ್ನ ಹಿಂದೆಯೇ ಹೋದೆ.

ಬಾಗಿಲ ಮುಂದೆ ಇವರು ನಿಂತರು. ಬಗ್ಗಿ ಬೂಟು ಬಿಚ್ಚಿ ಪಕ್ಕಕ್ಕಿಟ್ಟರು. ಅಂಗಿ ಸರಿಮಾಡಿಕೊಂಡರು. ಬೆರಳ ಗೆಣ್ಣಿನಿಂದ ಮೆತ್ತಗೆ ಬಾಗಿಲು ತಟ್ಟಿ ಒಂದು ಹೆಜ್ಜೆ ಹಿಂದೆ ಸರಿದರು.

ಒಳಗಿನಿಂದ ಅದೇ ಬೆಣ್ಣೆಯಂಥ ದನಿ: "ಈಗ ಮಲಗಿದೀನಪ್ಪ. ನಾಳೆ ಬಾ."

"ಆಯ್ತು ಸಾರ್," ಅಂದರು ಇವರು.

ನನಗೆ ಬಂದ ಸಿಟ್ಟಿಗೆ ಕಣ್ಣು ಕತ್ತಲೆಯಿಟ್ಟಿತು. ನಾಲಿಗೆಯ ತುದಿಗೆ ಏನೇನೋ ಬಂತು, ಜನ್ಮಕ್ಕಾಗುವಷ್ಟು ಬೈಗುಳ. ಆದರೂ ಬೈಯಲಿಲ್ಲ. ಬೈದರೆ ಒಳಗೆ ಕೇಳಿಸುತ್ತಿತ್ತು.