ಫ್ರಾನ್ಸಿಗೆ ಜಾಗ

ವಿಶ್ವಸಂಸ್ಥೆಯ ದಿನ ಮಸ್ಕಿಯ ನಮ್ಮ ಶಾಲೆಯಲ್ಲಿ ನನ್ನ ಎಂಟನೇ ತರಗತಿಯೇ ವಿಶ್ವಸಂಸ್ಥೆ. ಒಬ್ಬೊಬ್ಬರದು ಒಂದೊಂದು ದೇಶ. ದೊಡ್ಡದಿರಲಿ, ಸಣ್ಣದಿರಲಿ, ದೇಶಗಳೆಲ್ಲ ಸಮಾನ ಎಂದು ಬೆಳಿಗ್ಗೆಯೇ ಓದಿಸಿದ್ದೆ. ಐದು ದೊಡ್ಡ ದೇಶಗಳಿಗೆ ಮಾತ್ರ ಯಾವ ನಿರ್ಣಯವನ್ನಾದರೂ ತಡೆಯುವ ವೀಟೊ ಇದೆ ಎಂದೂ ಹೇಳಿ ಕೆಟ್ಟೆ.

ಮಧ್ಯಾಹ್ನ ಬಿಸಿ ಮಿರ್ಚಿ ಬಜ್ಜಿ, ಮಂಡಕ್ಕಿ ಬಂದವು. ಎಲ್ಲರಿಗೂ ಸಮಪಾಲು ಎಂಬ ನಿರ್ಣಯಕ್ಕೆ ಕೈಗಳೆಲ್ಲ ಎದ್ದವು, ಒಂದನ್ನು ಬಿಟ್ಟು. ಆ ಐದರಲ್ಲೊಂದಾದ ಫ್ರಾನ್ಸ್ ಆಗಿದ್ದ ವೀರೇಶ ಕುರ್ಚಿಯಿಂದ ಏಳದೆ, "ವೀಟೊ! ದೊಡ್ಡ ದೇಶಕ್ಕ ಎರಡು ಮಿರ್ಚಿ ಬೇಕ್ರಿ ಟೀಚರ್" ಎಂದ. ಬೈಯಲು ಬಾಯಿ ತೆರೆದೆ.

ಅಷ್ಟರಲ್ಲಿ ಭೂತಾನ್ ಆಗಿದ್ದ ಉಮಾದೇವಿ ನೆಲದ ಮೇಲೆ ಪೇಪರ್ ಹಾಸಿ ಮಂಡಕ್ಕಿ ಸುರುವಿದಳು. ಎಲ್ಲರೂ ಸುತ್ತ ಕುಳಿತರು. ಆದರೆ ಯಾರೂ ಕೈ ಹಾಕಲಿಲ್ಲ. ಒಂದೇ ಪೇಪರಿನಲ್ಲಿ ತಿನ್ನುವಾಗ, ಎಲ್ಲರೂ ಬಂದು ಕೂಡುವ ತನಕ ನಮ್ಮ ಕಡೆ ಯಾರೂ ಶುರು ಮಾಡುವುದಿಲ್ಲ.

"ತಿನ್ರಲೇ, ಮಿರ್ಚಿ ಆರಾಕತ್ತಾವ!" ವೀರೇಶ ಚಡಪಡಿಸಿದ.

"ನೀ ಬಾರೋ. ನೀ ಬರೋತನಕ ನಾವು ಮುಟ್ಟಂಗಿಲ್ಲ" ಎಂದಳು ಉಮಾದೇವಿ.

"ವೀಟೊ ಕ್ಯಾನ್ಸಲ್ ರೀ ಟೀಚರ್!" ವೀರೇಶ ಕುರ್ಚಿಯಿಂದ ಜಿಗಿದ.

ಇಡೀ ಜಗತ್ತು ಗೊಳ್ಳೆಂದು ನಕ್ಕಿತು. ಭೂತಾನ್ ತುಸು ಸರಿದು ಫ್ರಾನ್ಸಿಗೆ ಜಾಗ ಬಿಟ್ಟಿತು.