ಸಾಲಿನಲ್ಲಿ ನಿಂತ ಹದಿನೇಳು ಹಾಳೆ

ಮೂರನೆಯ ಸಲವೂ ಸರ್ವರ್ ಅದೇ ಮಾತು ಹೇಳಿತು: ಪ್ರಿಂಟರನ್ನು ನಡೆಸುವ ಹಳೆಯ ಡ್ರೈವರ್ ತಂತ್ರಾಂಶ ಬಳಕೆಯಲ್ಲಿದೆ, ತೆಗೆಯಲು ಬರುವುದಿಲ್ಲ. ಅದನ್ನು ತೆಗೆಯದೆ ಹೊಸ ಪ್ರಿಂಟರ್ ಒಳಗೆ ಕೂರುವುದಿಲ್ಲ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವೆನಿಂಗ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ತಂದಿದ್ದ ಸಿಹಿ ಟೀಯನ್ನು ಕೊಳವೆಯಲ್ಲಿ ಹೀರಿದಳು. ಬೆಳಿಗ್ಗೆ ಹಾಕಿಸಿದ ಐಸು ಇನ್ನೂ ಕರಗಿರಲಿಲ್ಲ. ಇಂಡೋನೇಷ್ಯಾದ ಚಿಕಾರಂಗಿನ ಈ ಶೂ ಕಾರ್ಖಾನೆಯಲ್ಲಿ ತಣ್ಣಗಿದ್ದ ಕೋಣೆ ಸರ್ವರಿನದೊಂದೇ. ಅಂಟು ಬಳಿಯುವ ವಿಭಾಗದ ನಾನೂರು ಹೆಂಗಸರು ಒಂದು ಫ್ಯಾನಿಗಾಗಿ ಹತ್ತು ಅರ್ಜಿ ಬರೆಯಬೇಕಿತ್ತು. ಯಂತ್ರಕ್ಕೆ ಮಾತ್ರ ಸೆಕೆಯಾಗಕೂಡದು.

ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಹೆರ್ಲಿನಾ ಬಾಗಿಲು ತಳ್ಳಿ ತಲೆ ಹಾಕಿದಳು.

"ಏನಮ್ಮ ವೆನಿಂಗ್, ಹೆರಿಗೆ ಆಯ್ತಾ ಇಲ್ವಾ?"

"ಇನ್ನೂ ನೋವು ತಿಂತಿದೆ ಮೇಡಂ. ಹಳೇದು ಜಾಗ ಬಿಡ್ತಿಲ್ಲ."

"ಹಳೇದನ್ನ ಹೊರಗೆ ಹಾಕೋದು ಹೇಗೆ ಅಂತ ನನ್ನನ್ನ ಕೇಳು, ಒಂದೇ ನಿಮಿಷದ ಕೆಲಸ." ತನ್ನ ಮಾತಿಗೆ ತಾನೇ ನಕ್ಕಳು. "ಊಟದ ಗಂಟೆಯೊಳಗೆ ಮುಗಿಸು. ಆ ಸಾರ್ಪಾನ್ ಮತ್ತೆ ಬಂದು ಗೇಟಲ್ಲಿ ಕೂತಿದ್ದಾನೆ. ಹೆಂಡತಿ ಸಮವಸ್ತ್ರ ವಾಪಸ್ ತಂದಿದ್ದಾನಂತೆ. ಲೆಕ್ಕ ಮುಗಿಸೋ ಕೊನೇ ಪತ್ರ ಒಂದು ಪ್ರಿಂಟ್ ಹೊಡೆದು ಕೈಗಿಟ್ರೆ ಪೀಡೆ ಕಳೆಯುತ್ತೆ."

ಸಾರ್ಪಾನನನ್ನು ಅರಿಯದವರು ಕಾರ್ಖಾನೆಯಲ್ಲಿ ಇರಲಿಲ್ಲ. ಅವನ ಹೆಂಡತಿ ರೂಮಿಯಾತಿ ಒಂಬತ್ತು ವರ್ಷ ಅಂಟು ವಿಭಾಗದಲ್ಲಿ ಆ ವಾಸನೆ ಕುಡಿದವಳು. ಮಾರ್ಚಿನಲ್ಲಿ ಎದೆಗೆ ನೀರು ತುಂಬಿ ಮಲಗಿದಳು. ಕಂಪನಿಯ ನಿಯಮದಂತೆ, ಐದು ದಿನ ಹೇಳದೆ ಕೇಳದೆ ಬಾರದಿದ್ದರೆ, ಎರಡು ಪತ್ರ ಕಳಿಸಿದರೂ ಬಾರದಿದ್ದರೆ, ಕೆಲಸದವಳು ತಾನಾಗಿಯೇ ಕೆಲಸ ಬಿಟ್ಟಂತೆ. ಮಲಗಿದವಳು ಮಲಗಿದ್ದಲ್ಲೇ ರಾಜೀನಾಮೆ ಕೊಟ್ಟವಳಾದಳು. ಏಪ್ರಿಲಿನಲ್ಲಿ ಆಸ್ಪತ್ರೆಯ ಕಿಟಕಿಯಲ್ಲಿ ಅವಳ ವಿಮೆಯ ಕಾರ್ಡು ನಡೆಯಲಿಲ್ಲ. ಮೇ ತಿಂಗಳಲ್ಲಿ ಮಣ್ಣಾದಳು. ಅಂದಿನಿಂದ ಪ್ರತಿ ಗುರುವಾರ ಗಂಡ ಗೇಟಿಗೆ ಬಂದು ಒಂದೇ ಮಾತು ಹೇಳುತ್ತಿದ್ದ: ಅವಳು ಕಾರ್ಖಾನೆಯ ಕ್ಲಿನಿಕ್ಕಿಗೆ ಹೋಗಿದ್ದಳು, ನರ್ಸು ಕಂಪ್ಯೂಟರಿನಲ್ಲಿ ಚೀಟಿ ಬರೆದು ಕಳಿಸಿದ್ದಳು. ಕಂಪನಿಯ ಉತ್ತರವೂ ಒಂದೇ: ಯಾವ ಚೀಟಿಯೂ ಬಂದಿಲ್ಲ. ಆ ನರ್ಸಿನ ಗುತ್ತಿಗೆ ಮುಗಿದು ಅವಳು ದೂರದ ಲಾಂಪುಂಗಿಗೆ ಹೊರಟುಹೋಗಿದ್ದಳು. ಕಾಗದ ಬಾರದ ಜ್ವರ ಜ್ವರವಲ್ಲ, ಕಾಗದ ಬಾರದ ಹೆಣ ಮಾತ್ರ ಹೆಣವೇ.

ವೆನಿಂಗ್ ಮತ್ತೆ ಪರದೆಗೆ ಬಗ್ಗಿದಳು. ಮುದ್ರಣದ ಸೇವೆಯನ್ನು ನಿಲ್ಲಿಸಿ ಮತ್ತೆ ಹಚ್ಚಿದಳು. ಅದೇ ತಕರಾರು. ಯಾವುದೋ ಒಂದು ಪ್ರಿಂಟರ್ ಆ ಡ್ರೈವರನ್ನು ಇನ್ನೂ ಹಿಡಿದುಕೊಂಡಿರಬೇಕು. ಕಾರ್ಖಾನೆಯ ಎಲ್ಲ ಕಂಪ್ಯೂಟರುಗಳ ಕಾಗದವೂ ಮೊದಲು ಸರ್ವರಿಗೆ ಬಂದು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಪ್ರಿಂಟರಿಗೆ ಹೋಗಬೇಕು. ಎಲ್ಲ ಸಾಲುಗಳ ಪಟ್ಟಿಯನ್ನು ಬಿಚ್ಚಿ ಒಂದೊಂದೇ ಕೆಳಗಿಳಿದಳು. ತಳದಲ್ಲಿ ಅದು ಸಿಕ್ಕಿತು. 'ಸಿಬ್ಬಂದಿ-3, ಹಳೆಯದು'. ಸ್ಥಿತಿ: ತಡೆಹಿಡಿಯಲಾಗಿದೆ. ಕಾದಿರುವ ಕಾಗದಗಳು: ಹದಿನೇಳು.

ಹೆಸರು ಅವಳೇ ಕೊಟ್ಟದ್ದು. ಫೆಬ್ರವರಿಯಲ್ಲಿ ಸಿಬ್ಬಂದಿ ವಿಭಾಗದ ಪ್ರಿಂಟರ್ ಬದಲಾಯಿಸಿದಾಗ ಹಳೆಯದಕ್ಕೆ ತಡೆ ಹಾಕಿ, ನಾಳೆ ತೆಗೆದರಾಯಿತು ಎಂದು ಬಿಟ್ಟಿದ್ದಳು. ಪ್ರತಿ ಕಂಪ್ಯೂಟರಿನ ಬಳಿಗೂ ಹೋಗಿ ಆಗ ಬಂದ ಪ್ರಿಂಟರನ್ನು ತೋರಿಸಿಕೊಡಬೇಕಿತ್ತು, ಇಲ್ಲದಿದ್ದರೆ ಅಲ್ಲಿಯ ಕಾಗದ ಹಳೆಯ ಸಾಲಿಗೇ ಬಂದು ನಿಲ್ಲುತ್ತಿತ್ತು. ಕ್ಲಿನಿಕ್ಕು ಇದ್ದದ್ದು ಅಟ್ಟೆಗಳ ಗೋದಾಮಿನ ಆಚೆ, ಆವತ್ತು ಮಳೆ, ಅವಳು ಹೋಗಲಿಲ್ಲ. ಈ ಕುರ್ಚಿಯಲ್ಲೇ ಕೂತು ಒಂದು ಪರೀಕ್ಷಾ ಪುಟ ಹೊಡೆದು, ಅದು ಬಂದದ್ದನ್ನು ನೋಡಿ, ರಿಜಿಸ್ಟರಿನಲ್ಲಿ 'ಆಯಿತು' ಎಂದು ಸಹಿ ಹಾಕಿದ್ದಳು. ನರ್ಸು ಒಮ್ಮೆ ಫೋನು ಮಾಡಿ, "ತಂಗೀ, ನಾನು ಕಳಿಸಿದ್ದು ಅಲ್ಲಿ ಬರ್ತಾ ಇದೆಯಾ?" ಎಂದು ಕೇಳಿದ್ದಳು. "ಪರೀಕ್ಷೆ ಮಾಡಿದೀನಿ ಅಕ್ಕ, ಬರುತ್ತೆ," ಎಂದು ವೆನಿಂಗ್ ಫೋನಿಟ್ಟಿದ್ದಳು.

ಹದಿನೇಳೂ ಕ್ಲಿನಿಕ್ಕಿನಿಂದ ಬಂದ ಅನಾರೋಗ್ಯದ ಚೀಟಿಗಳು. ಹದಿನೇಳು ಹೆಸರು, ಎಲ್ಲರೂ ಅಂಟು ವಿಭಾಗದವರೇ. ಒಂಬತ್ತನೆಯದು ರೂಮಿಯಾತಿ, ಮಾರ್ಚ್ ಹನ್ನೊಂದು, ಬೆಳಿಗ್ಗೆ ಎಂಟು ನಲವತ್ತೆರಡು.

ಚೀಲದ ಟೀ ಮೇಜಿನ ಮೇಲೆ ಜಾರಿ ಬಿದ್ದದ್ದು ಅವಳಿಗೆ ತಡವಾಗಿ ತಿಳಿಯಿತು. ಒರೆಸುತ್ತಿರುವಾಗ ಹೆರ್ಲಿನಾ ಮತ್ತೆ ಬಂದಳು. ವೆನಿಂಗ್ ಪರದೆಯನ್ನು ಅವಳತ್ತ ತಿರುಗಿಸಿದಳು. ಹೆರ್ಲಿನಾ ಎರಡು ಸಲ ಓದಿದಳು. ಬಾಗಿಲು ಹಾಕಿದಳು.

"ಅಳಿಸು."

"ಮೇಡಂ, ಇದು ಅವಳ ಚೀಟಿ. ನಮ್ಮ ಹತ್ರಾನೇ ಇತ್ತು."

"ಫೆಬ್ರವರಿಲಿ ರಿಜಿಸ್ಟರಿಗೆ ಸಹಿ ಹಾಕಿದ್ದು ಯಾರು?"

"ನಾನೇ."

"ಹಂಗಾದ್ರೆ ಇದು ಹೊರಗೆ ಹೋದ್ರೆ ಯಾರ ತಲೆ ಹೋಗುತ್ತೆ? ಕಂಪನಿದಂತೂ ಅಲ್ಲ. ನಿನ್ನ ಗುತ್ತಿಗೆ ಈ ತಿಂಗಳು ಮುಗಿಯುತ್ತೆ, ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ. ಸತ್ತೋಳು ಎದ್ದು ಬರಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ತಂಗಿ."

ನಾಲ್ಕು ವರ್ಷದಲ್ಲಿ ಅವಳು ತಂಗಿ ಎಂದದ್ದು ಇದೇ ಮೊದಲು. ಹೆರ್ಲಿನಾಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಮಾತಾಡುತ್ತಾ ಹೊರಗೆ ಹೋದಳು.

ಎಲ್ಲವನ್ನೂ ಅಳಿಸು ಎಂಬ ಒಂದು ಗುಂಡಿ ಒತ್ತಿದರೆ ಸಾಲು ಖಾಲಿ. ಡ್ರೈವರ್ ಕಳಚಿಕೊಳ್ಳುತ್ತದೆ, ಹೊಸ ಪ್ರಿಂಟರ್ ಕೂರುತ್ತದೆ, ಊಟದ ಗಂಟೆಯೂ ಹೊಡೆಯುತ್ತದೆ. ವೆನಿಂಗಳ ಬೆರಳು ಅಲ್ಲಿಯವರೆಗೂ ಹೋಯಿತು. ಹಾಗೇ ನಿಂತಿತ್ತು ಕೂಡ, ಇಲ್ಲವೆನ್ನುವಂತಿಲ್ಲ. ಆಮೇಲೆ ಅವಳು ಹಳೆಯ ಸಾಲನ್ನು, ಅದರ ಹಳೆಯ ಡ್ರೈವರಿನೊಂದಿಗೇ, ಹೊಸ ಯಂತ್ರದ ವಿಳಾಸಕ್ಕೆ ತಿರುಗಿಸಿ, ತಡೆಯನ್ನು ತೆಗೆದಳು.

ಪಡಸಾಲೆಯಲ್ಲಿದ್ದ ಹೊಸ ಪ್ರಿಂಟರ್ ಒಮ್ಮೆ ಗೊರಗುಟ್ಟಿ ಹಾಳೆ ಉಗುಳತೊಡಗಿತು. ಅವಳು ಪಕ್ಕದಲ್ಲೇ ನಿಂತು ಒಂದೊಂದನ್ನೂ ಬಿಸಿಯಿರುವಾಗಲೇ ಎತ್ತಿಕೊಂಡಳು. ಪ್ರತಿ ಹಾಳೆಯ ತಳದಲ್ಲಿ ಕಳಿಸಿದ ದಿನ, ಕಳಿಸಿದ ಗಳಿಗೆ. ಹದಿನಾರನ್ನು ಅಂಟು ವಿಭಾಗದ ಹಾಜರಿ ಮೇಜಿನ ಮೇಲೆ ಹೆಸರು ಮೇಲೆ ಕಾಣುವಂತೆ ಹರಡಿ ಇಟ್ಟಳು. ಉಳಿದ ಒಂದರ, ರೂಮಿಯಾತಿಯ ಚೀಟಿಯ, ಬೆನ್ನಿಗೆ ಬರೆದಳು: ಈ ಚೀಟಿ ಅಂದೇ ಸರ್ವರಿಗೆ ಬಂದಿತ್ತು. ಮುದ್ರಣವಾಗದ್ದು ನನ್ನ ತಪ್ಪಿನಿಂದ. ಕೆಳಗೆ ಪೂರ್ತಿ ಹೆಸರು, ಸಹಿ.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಸಾರ್ಪಾನ್ ಕೂತಿದ್ದ. ತೊಡೆಯ ಮೇಲೆ ಇಸ್ತ್ರಿ ಮಾಡಿ ಮಡಿಸಿದ ನೀಲಿ ಸಮವಸ್ತ್ರ, ಪ್ಲಾಸ್ಟಿಕ್ ಚೀಲದೊಳಗೆ. ಪಕ್ಕದಲ್ಲಿ ಬಿಚ್ಚದ ಅನ್ನದ ಪೊಟ್ಟಣ.

"ಅಣ್ಣ, ಇದು ಬಂದಿತ್ತು," ಎಂದಳು ವೆನಿಂಗ್. "ಐದು ತಿಂಗಳಿಂದ ಒಳಗೇ ಇತ್ತು. ತಪ್ಪು ನಂದು. ಹಿಂದೆ ಬರೆದುಕೊಟ್ಟಿದೀನಿ. ಕಾರ್ಮಿಕರ ಕಚೇರಿಗೆ ತಗೊಂಡು ಹೋಗಿ."

ಅವನು ಬೈಯುತ್ತಾನೆಂದು ಕಾದಳು. ಹೊಡೆದರೂ ಆಗುತ್ತಿತ್ತು. ಅವನು ಬೆನ್ನಿನ ಬರಹವನ್ನು ಓದಲೇ ಇಲ್ಲ. ತಳದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ.

"ಎಂಟು ನಲವತ್ತೆರಡು," ಎಂದ. "ಎಂಟೂವರೆಗೆ ನಾನೇ ಬೈಕಲ್ಲಿ ತಂದು ಇಲ್ಲಿ ಬಿಟ್ಟೆ. ಒಳಗೆ ಹೋಗಿ ಏನು ಮಾಡಿದ್ಲೋ ನೋಡ್ಲಿಲ್ಲ."

ಕಂಟೇನರ್ ಲಾರಿಯೊಂದು ಹಾದುಹೋಗುವಾಗ ಹಾಳೆ ಹಾರದಂತೆ ಒತ್ತಿ ಹಿಡಿದ.

"ಎರಡನೇ ಪತ್ರ ಬಂತಲ್ಲ, ಅವತ್ತು ಬೈದೆ. ಚೀಟಿ ಕೊಟ್ಟಿದೀನಿ ಕಣ್ರೀ ಅಂದ್ಲು. ಸುಳ್ಳಿ, ನೀನು ಕ್ಲಿನಿಕ್ಕಿಗೆ ಹೋಗೇ ಇಲ್ಲ, ಸೋಮಾರಿತನಕ್ಕೆ ಕೆಲಸ ಕಳ್ಕೊಂಡೆ ಅಂದೆ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಸತ್ತ ಮೇಲೆ ನಂಬೋಕೆ ಶುರು ಮಾಡ್ದೆ ನೋಡು ತಂಗಿ."

ಕಾವಲಿನವನು ಕಿಟಕಿಯಿಂದ ಕೂಗಿದ, "ಏಯ್ ಸಾರ್ಪಾನ್, ಬಟ್ಟೆ ಕೊಡ್ತೀಯೋ ಇಲ್ವೋ? ಮೇಡಂ ಕೇಳ್ತಿದಾರೆ."

"ಇವತ್ತು ಕೊಡಲ್ಲ."

ಅವನು ಚೀಲದಿಂದ ಸಮವಸ್ತ್ರ ತೆಗೆದು, ಅಂಗಿಯ ಮಡಿಕೆ ಬಿಡಿಸಿ, ಹಾಳೆಯನ್ನು ಮಡಿಸದೆ ನಡುವೆ ಇಟ್ಟು, ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಬೈಕಿನ ಹಿಂದಿನ ಸೀಟಿಗೆ ರಬ್ಬರ್ ಹಗ್ಗದಿಂದ ಕಟ್ಟಿದ. ಲಾರಿಗಳ ನಡುವೆ ನುಗ್ಗುವಾಗಲೂ ಅವನು ಬಲಗೈಯೊಂದರಲ್ಲೇ ಬೈಕು ಹಿಡಿದಿದ್ದ. ಎಡಗೈ ಹಿಂದಕ್ಕೆ ಚಾಚಿ, ಸೀಟಿನ ಮೇಲಿನ ನೀಲಿ ಬಟ್ಟೆಯ ಮೇಲೆ ಊರಿಕೊಂಡಿತ್ತು.