ಹಿರಿಯಾಕೆಯ ಬದಿ

"ಮುಗಿಸ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು ನಿಂಗೆ? ಕಿವೀಲೇನು ಬೂಸಾ ತುಂಬ್ಕೊಂಡಿದೀಯಾ? ಬಿಚ್ಚು," ಎಂದಳು ಪಟ್ಟಿ ಮೇಡಂ.

ಕಿರಿಯಾಕೆ ಆ ದಿನ ಹೊಲಿದ ಸಾಲುಗಳ ದಾರವನ್ನು ಸೂಜಿಮೊನೆಯಲ್ಲಿ ಎತ್ತಿ ಎತ್ತಿ ಎಳೆಯತೊಡಗಿದಳು. ಕರಕುಶಲ ಮೇಳ ಶುರುವಾಗಿ ಅದು ನಾಲ್ಕನೆಯ ಸಂಜೆ. ಬೆಳಿಗ್ಗೆಯಿಂದ ಹೊಲಿಯುವುದು, ಗೇಟು ಮುಚ್ಚುವ ಮುಂಚೆ ಹೊಲಿದಷ್ಟನ್ನೂ ಬಿಚ್ಚುವುದು. ಅರ್ಧ ಆದ ಕೌದಿಯೇ ನೋಡುವವರ ಕಣ್ಣಿಗೆ ಚೆಂದ ಎಂದು ಪಟ್ಟಿ ಮೇಡಂ ಮೊದಲ ದಿನವೇ ಹೇಳಿದ್ದಳು. ಮೇಳದ ಉಸ್ತುವಾರಿ ಅವಳದು. ಕೈಯಲ್ಲಿ ಸದಾ ಹೆಸರುಗಳ ಪಟ್ಟಿ ಇರುತ್ತಿದ್ದುದರಿಂದ ಬುಟ್ಟಿಯವಳು, ಚಾಪೆಯವಳು, ಮಡಕೆಯವಳು ಎಲ್ಲರೂ ಬೆನ್ನ ಹಿಂದೆ ಹಾಗೇ ಕರೆಯುತ್ತಿದ್ದರು.

ಕಿರಿಯಾಕೆಯನ್ನು ಕೂರಿಸಿದ್ದು ಬಾಗಿಲಿನ ಎದುರಿನ ಮರದ ವೇದಿಕೆಯ ಮೇಲೆ. ಸುತ್ತ ಹಗ್ಗ, ಹಗ್ಗಕ್ಕೊಂದು ಫಲಕ. ಮುಟ್ಟಬೇಡಿ ಅಂತ ಬರೆದಿದೆ ಎಂದು ಚಾಪೆಯವಳು ಓದಿ ಹೇಳಿದ್ದಳು. ಕೌದಿಯನ್ನೋ ತನ್ನನ್ನೋ ಎಂದು ಕಿರಿಯಾಕೆ ಕೇಳಲಿಲ್ಲ. ಜನ ಬರುತ್ತಿದ್ದರು, ಅವಳ ಕೈ ನೋಡುತ್ತಿದ್ದರು, ಅವಳ ತಲೆಯ ಮೇಲಿಂದಲೇ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿದ್ದರು; ಆಮೇಲೆ ಪಕ್ಕದ ಮಳಿಗೆಗೆ ಹೋಗಿ ಯಂತ್ರದಲ್ಲಿ ಹೊಲಿದ ಕೌದಿ ಕೊಳ್ಳುತ್ತಿದ್ದರು.

ಅರವತ್ತು ದಾಟಿದ್ದರೂ ಅವಳು ಕಿರಿಯಾಕೆಯೇ. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದ ಓರಗಿತ್ತಿಯರಲ್ಲಿ ಚಿಕ್ಕವಳು. ಗಂಡಂದಿರು ಒಬ್ಬರ ಹಿಂದೊಬ್ಬರು ಹೋದ ಮೇಲೆ ಒಂದು ಕೋಣೆ, ಒಂದು ಒಲೆ, ಇಬ್ಬರೇ. ನೆಲದ ಮೇಲೆ ಹಳೆ ಬಟ್ಟೆಗಳನ್ನು ಹಾಸಿ ಹಿರಿಯಾಕೆ ಆ ಅಂಚಿನಿಂದ, ಕಿರಿಯಾಕೆ ಈ ಅಂಚಿನಿಂದ ಹೊಲಿಯುತ್ತ ಬರುವುದು. ಮೊಣಕಾಲಿಗೆ ಮೊಣಕಾಲು ತಾಗಿತೆಂದರೆ ಕೌದಿ ಮುಗಿಯಿತು. ಕಿರಿಯಾಕೆಯದು ಇರುವೆ ಸಾಲು. ಹಿರಿಯಾಕೆಯದು ಕಣ್ಣು ಮಂಜಾದ ಮೇಲೆ ಏರಿ, ಇಳಿದು, ಎತ್ತಲೋ ಹೊರಟು ಎತ್ತಲೋ ಬರುತ್ತಿತ್ತು.

"ನನ್ನ ಹೊಲಿಗೆ ಕುಡಿದು ಬರೋ ಗಂಡ ಇದ್ದಂಗೆ ಕಣೇ," ಎನ್ನುತ್ತಿದ್ದಳು. "ಸೊಟ್ಟಗೆ ನಡೆದ್ರೂ ಮನೆ ಮುಟ್ಟುತ್ತೆ."

ಬೆರಳಿಗೆ ಚುಚ್ಚಿಕೊಂಡರೆ ಸೂಜಿ ಮಾಡಿದ ಮುಂಡೇಮಗನ ಏಳು ತಲೆಮಾರನ್ನು ಎಬ್ಬಿಸಿ ಬೈಯುತ್ತಿದ್ದಳು. ಈ ಕೌದಿಯಲ್ಲಿ ಅವಳ ಬದಿ ಎರಡು ಮೊಳ ಬಂದಿತ್ತು. ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಕತೆಯ ರಾಕ್ಷಸರಾದರೆ ಏಳು ಸಮುದ್ರದಾಚೆ, ಒಂದು ಗಿಳಿಯೊಳಗೆ ಪ್ರಾಣ ಇಟ್ಟುಬರುತ್ತಾರೆ. ಹಿರಿಯಾಕೆಗೆ ಎಲ್ಲಿಯ ಸಮುದ್ರ, ಎಲ್ಲಿಯ ಗಿಳಿ? ಒಂದು ಪಟವೂ ತೆಗೆಸಿಕೊಂಡವಳಲ್ಲ. ಉಟ್ಟ ಸೀರೆ ಅವಳೊಂದಿಗೇ ಹೋಯಿತು. ಮುಗಿದ ಕೌದಿಗಳು ಆಗಾಗಲೇ ಮಾರಿಹೋಗಿದ್ದವು. ಅವಳ ಕೈಯದೆಂದು ಉಳಿದದ್ದು ಆ ಸೊಟ್ಟ ಸಾಲುಗಳು.

ಪಟ್ಟಿ ಮೇಡಂ ಮನೆಗೆ ಬಂದು ಆ ಅರ್ಧ ಕೌದಿ ನೋಡಿ, ಹತ್ತು ದಿನ ಮೇಳದಲ್ಲಿ ಕೂತರೆ ಕುಶಲಕರ್ಮಿ ಕಾರ್ಡು ಮಾಡಿಸಿಕೊಡುತ್ತೇನೆ, ತಿಂಗಳಾ ಪಿಂಚಣಿ ಬರುತ್ತದೆ ಎಂದಿದ್ದಳು. ಕಾರ್ಡಿನ ಆಸೆ ಇರಲಿಲ್ಲವೆಂದಲ್ಲ. ಆದರೆ ಕಿರಿಯಾಕೆ ಹೊರಟದ್ದು ಬೇರೆಯದಕ್ಕೆ. ಮನೆಯಲ್ಲಿ ಕೌದಿ ಹಾಸಿದರೆ ಎದುರಿನ ಜಾಗ ಬಾಯಿ ತೆರೆದುಕೊಂಡಿರುತ್ತಿತ್ತು. ಜನರ ನಡುವೆ ಕೂತರೆ ಮುಗಿಸಿಯೇನು, ಹೊಲಿಯುತ್ತ ಹೊಲಿಯುತ್ತ ಅಕ್ಕನ ಸಾಲಿನವರೆಗೆ ಹೋಗಿ ಮುಟ್ಟಿಯೇನು ಅಂದುಕೊಂಡಿದ್ದಳು.

ಆ ಸಂಜೆ ತನ್ನ ಸಾಲುಗಳನ್ನೆಲ್ಲ ಬಿಚ್ಚಿ ನಲ್ಲಿಗೆ ಹೋಗಿ ನೀರು ಕುಡಿದು ಬಂದಳು. ವೇದಿಕೆಯ ಆಚೆ ಬದಿಯಲ್ಲಿ ಪಟ್ಟಿ ಮೇಡಂ ಕೂತಿದ್ದಳು, ಕಿವಿ ಭುಜಗಳ ನಡುವೆ ಫೋನು, ಕೈಯಲ್ಲಿ ಕತ್ತರಿ. ನಾಳೆ ದೊಡ್ಡವರು ನೋಡಲು ಬರುತ್ತಾರೆಂದು ಫೋನಿಗೆ ಹೇಳುತ್ತ ಹಿರಿಯಾಕೆಯ ಸಾಲುಗಳನ್ನು ಕಚಕ್ ಕಚಕ್ ಕತ್ತರಿಸುತ್ತಿದ್ದಳು. ಎರಡು ಮೊಳವೂ ಆಗಲೇ ಮುಗಿಯುತ್ತ ಬಂದಿತ್ತು.

"ಅದು ನಂದಲ್ಲಮ್ಮ," ಎಂದಳು ಕಿರಿಯಾಕೆ. "ನಮ್ಮಕ್ಕನ್ದು."

"ಯಾರದಾದ್ರೇನು, ದಾರ ತಾನೇ? ನಾಯಿ ಓಡಾಡಿದಂಗಿತ್ತು. ನಾಳೆ ನೀನೇ ನೆಟ್ಟಗೆ ಹೊಲಿ."

ಕಿರಿಯಾಕೆ ತುಂಡು ದಾರಗಳನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು. ಬುಟ್ಟಿಯವಳು ಬಂದು ಹೆಗಲು ಮುಟ್ಟಿ ಊಟಕ್ಕೆ ಕರೆದಳು. ಇವಳು ಏಳಲಿಲ್ಲ. ಇಷ್ಟು ದಿನ ಹಿರಿಯಾಕೆ ಸತ್ತಿದ್ದಳು, ಅಷ್ಟೇ. ಈಗ ಇರಲೇ ಇಲ್ಲವೇನೋ ಅನ್ನಿಸುವಂತಾಗಿತ್ತು.

ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಕಂಡಿತು. ದಾರ ಹೋಗಿತ್ತು, ತೂತುಗಳು ಇದ್ದವು. ಸೂಜಿ ಹೊಕ್ಕು ಹೊರಬಂದ ಒಂದೊಂದು ಗುರುತೂ, ಏರಿ, ಇಳಿದು, ಹಾಗೆಯೇ. ಹಳೆಯ ಬಟ್ಟೆಯ ತೂತಿಗೆ ಆಯುಸ್ಸು ಕಡಿಮೆ. ಕೊಡವಿದರೆ, ಭಾರ ಬಿದ್ದರೆ, ಒದ್ದೆಯಾದರೆ, ಇಸ್ತ್ರಿ ಬಿದ್ದರೆ ಕೂಡಿಕೊಂಡುಬಿಡುತ್ತದೆ. ಕಿರಿಯಾಕೆ ದಾರ ಪೋಣಿಸಿಕೊಂಡು ಹಿರಿಯಾಕೆಯ ಬದಿಗೆ ಹೋಗಿ ಕೂತಳು. ಅಲ್ಲಿ ಕೂತರೆ ಹಗ್ಗದ ಕಡೆಗೆ, ಜನರ ಕಡೆಗೆ ಬೆನ್ನು.

ಅಕ್ಕನ ತೂತುಗಳಲ್ಲೇ ಸೂಜಿ ಹಾಯಿಸಲು ಕೈ ಮೊದಲು ಒಪ್ಪಲಿಲ್ಲ. ನೆಟ್ಟಗೆ ಹೋಗಿ ಅಭ್ಯಾಸ. ಒಂದು ಸಾಲು ಮುಗಿಯುವ ಹೊತ್ತಿಗೆ ಹದ ಸಿಕ್ಕಿತು. ಇಲ್ಲಿ ಅಕ್ಕ ಕೆಮ್ಮಿರಬೇಕು, ಸೂಜಿ ಹಾರಿದೆ. ಇಲ್ಲಿ ಯಾವುದೋ ಮಾತಿಗೆ ನಕ್ಕಿದ್ದಾಳೆ, ಮೂರು ಹೊಲಿಗೆ ಕುಣಿದಿವೆ. ಯಾವ ಮಾತಿಗೆ ಎಂದು ನೆನಪಾಗಲಿಲ್ಲ.

ಹನ್ನೊಂದರ ಹೊತ್ತಿಗೆ ದೊಡ್ಡವರು ಬಂದರು. ಕ್ಯಾಮೆರಾದವರು ಹಗ್ಗದ ಹತ್ತಿರ ನೂಕಾಡಿದರು. ಪಟ್ಟಿ ಮೇಡಂ ಬಗ್ಗಿ, ನಗುಮುಖ ಕೆಡದಂತೆ, ಈ ಕಡೆ ತಿರುಗು ಎಂದಳು. ಕಿರಿಯಾಕೆ ಸೂಜಿ ಎಳೆದಳು. ದೊಡ್ಡವರು ಬೆನ್ನಿಗೇ ಕೈಮುಗಿದು ನಿಂತರು. ಬಟ್ಟೆ ಯಾಕಿಷ್ಟು ಸುಕ್ಕಾಗಿದೆ ಎಂದು ಯಾರೋ ಕೇಳಿದರು. ಪಟ್ಟಿ ಮೇಡಂ ಮಳಿಗೆಯಿಂದ ಇಸ್ತ್ರಿಪೆಟ್ಟಿಗೆ ತರಿಸಿ ತಾನೇ ಹಗ್ಗ ದಾಟಿ ಬಂದಳು.

ಕಿರಿಯಾಕೆ ಮುಂದೆ ಜರುಗಿ, ಇನ್ನೂ ಹೊಲಿಯದ ತೂತುಗಳ ಮೇಲೆ ಎರಡೂ ಮೊಣಕಾಲು ಊರಿ ಕೂತಳು.

"ಏಳು ಮೇಲೆ," ಹಲ್ಲು ಕಚ್ಚಿ ಪಿಸುಗುಟ್ಟಿದಳು ಮೇಡಂ. "ಕಾರ್ಡು ಬೇಕೋ ಬೇಡ್ವೋ ನಿಂಗೆ?"

"ನೀನೇ ಹೊದ್ಕೊಂಡು ಮಲ್ಕೋ ಅದನ್ನ. ಬೆಚ್ಚಗಿರುತ್ತೆ."

ಚಾಪೆಯವಳ ಕಡೆಯಿಂದ ಒಂದು ನಗೆ ಕೇಳಿ, ತಟ್ಟನೆ ನಿಂತಿತು.

ಕಿರಿಯಾಕೆ ಒಂದು ಮೊಣಕಾಲು ಅಷ್ಟೇ ಎತ್ತಿ, ಅದರಡಿಯ ಬಟ್ಟೆಯನ್ನು ಬೆರಳ ತುದಿಯಿಂದ ಸವರಿ ಮುಂದಿನ ತೂತು ಹುಡುಕಿದಳು. ಸಿಗಲಿಲ್ಲ. ಬಟ್ಟೆ ಮೂಗಿಗೆ ತಾಗುವಷ್ಟು ಬಗ್ಗಿ ಮತ್ತೆ ಸವರಿದಳು. ಇಸ್ತ್ರಿಪೆಟ್ಟಿಗೆಯ ಬಿಸಿ ಅವಳ ಕುತ್ತಿಗೆಗೆ ತಾಗುತ್ತಿತ್ತು.